ಪಿಎಚ್‌ಡಿಗೆ ಹೀಟ್ ಟ್ರಾನ್ಸ್‌ಫರ್ ಬಿಟ್ಟು ಟ್ರೈಬಾಲಜಿಗೆ ಹೋಗಬಹುದಾ?

ದಾವಣಗೆರೆ_ಮೆಕ್
ಎಲ್ಲರಿಗೂ ನಮಸ್ಕಾರ. ಥರ್ಮಲ್‌ನಲ್ಲಿ, ಅಂದರೆ ಬಿಸಿ ಹರಿಯುವ ವಿಷಯದಲ್ಲಿ, ಎಂ.ಟೆಕ್ ಮುಗಿದಿದೆ. ಮುಂದೆ ಪಾಠ, ಸಂಶೋಧನೆ ಅಂತಲೇ ಇರಬೇಕು ಅಂತ ಆಸೆ. ಆದರೆ ಪಿಎಚ್‌ಡಿ ಸೀಟು ಸಿಗುವ ಹಾಗಿರುವ ಕಡೆ ಗೈಡ್ ಕೆಲಸ ಮಾಡುವುದು ಬ್ರೇಕ್ ಡಿಸ್ಕ್‌ನ ಘರ್ಷಣೆ, ಕೋಟಿಂಗ್ ಮೇಲೆ, ಅಂದರೆ ಟ್ರೈಬಾಲಜಿ (ಘರ್ಷಣೆ, ಸವೆತದ ಅಧ್ಯಯನ). ಹೋದರೆ ಓದಿದ್ದೆಲ್ಲ ದಂಡ ಆಗುತ್ತದಾ? ನಾಳೆ ಇಂಟರ್‌ವ್ಯೂನಲ್ಲಿ ನೀವು ಥರ್ಮಲ್ಲಾ, ಮೆಟೀರಿಯಲ್ಸಾ ಅಂತ ಕೇಳಿದರೆ ಏನು ಹೇಳಲಿ?

ಸವೆತ_ಲ್ಯಾಬ್
ಖಂಡಿತ ದಂಡ ಆಗುವುದಿಲ್ಲ. ಬ್ರೇಕ್ ಒತ್ತಿದಾಗ ಗಾಡಿಯ ವೇಗದ ಶಕ್ತಿ ಎಲ್ಲಿಗೆ ಹೋಗುತ್ತದೆ ಹೇಳಿ? ಬಹುಪಾಲು ಪ್ಯಾಡು, ಡಿಸ್ಕು ತಾಗುವ ಜಾಗದಲ್ಲೇ ಬಿಸಿಯಾಗುತ್ತದೆ. ಅದೂ ಪೂರ್ತಿ ತಾಗುವುದಿಲ್ಲ, ಕಣ್ಣಿಗೆ ಎಷ್ಟು ನಯವಾಗಿ ಕಂಡರೂ ಸಣ್ಣ ಸಣ್ಣ ಉಬ್ಬುಗಳ ತುದಿಗಳು ಮಾತ್ರ ತಾಗುತ್ತವೆ, ಕೇಂಬ್ರಿಜ್‌ನಲ್ಲಿ ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟಿದ್ದು ಇದನ್ನೇ. ಆ ತುದಿಗಳಲ್ಲಿ ಕ್ಷಣಮಾತ್ರ ಏರುವ ಬಿಸಿಗೆ ಫ್ಲ್ಯಾಶ್ ಟೆಂಪರೇಚರ್ ಅನ್ನುತ್ತೇವೆ. 1937ರಲ್ಲೇ ಬ್ಲಾಕ್ ಎಂಬ ಸಂಶೋಧಕರು ಅದರ ಲೆಕ್ಕ ಕೊಟ್ಟಿದ್ದಾರೆ, ಅದು ಶುದ್ಧ ಹೀಟ್ ಕಂಡಕ್ಷನ್ ಲೆಕ್ಕ. ಚಾರ್ಮಾಡಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಪ್ಯಾಡ್‌ನ ರೆಸಿನ್ (ಪುಡಿಗಳನ್ನು ಹಿಡಿದಿಡುವ ಅಂಟು) ಕೆಟ್ಟು ಹಿಡಿತ ಇಳಿಯುತ್ತದಲ್ವಾ, ಅದು ಫೇಡ್. ಅದು ಥರ್ಮಲ್ ಸಮಸ್ಯೆಯೂ ಹೌದು, ಘರ್ಷಣೆಯ ಸಮಸ್ಯೆಯೂ ಹೌದು. ಪ್ರೊಸೆಸರ್‌ಗೂ ಹೀಟ್ ಸಿಂಕ್‌ಗೂ ನಡುವೆ ಪೇಸ್ಟ್ ಹಚ್ಚುವುದಕ್ಕೂ ಕಾರಣ ಇದೇ ಉಬ್ಬುಗಳು, ಅವುಗಳ ನಡುವೆ ಉಳಿಯುವ ಗಾಳಿಯ ಸಂದು ಬಿಸಿ ದಾಟಲು ಬಿಡುವುದಿಲ್ಲ.

ಆದರೆ ಲ್ಯಾಬ್ ಕೆಲಸ ಇಷ್ಟ ಇದೆಯಾ, ಅದನ್ನು ಯೋಚಿಸಿ. ಪಿನ್-ಆನ್-ಡಿಸ್ಕ್‌ನಲ್ಲಿ (ತಿರುಗುವ ಡಿಸ್ಕ್‌ಗೆ ಪಿನ್ ಒತ್ತಿ ಸವೆತ ಅಳೆಯುವ ಯಂತ್ರ) ಪಿನ್ನನ್ನು ಅಸಿಟೋನ್‌ನಲ್ಲಿ ತೊಳೆದು, ಒಣಗಿಸಿ, ತೂಗಿ, ಓಡಿಸಿ, ಮತ್ತೆ ತೊಳೆದು ತೂಗಬೇಕು. ವ್ಯತ್ಯಾಸ ಬರುವುದು ಮಿಲಿಗ್ರಾಂ ಲೆಕ್ಕದಲ್ಲಿ, ಬೆರಳಿನ ಜಿಡ್ಡು ಸಾಕು ರೀಡಿಂಗ್ ಕೆಡಲಿಕ್ಕೆ. ಮಳೆಗಾಲದ ರೀಡಿಂಗ್ ಬೇಸಿಗೆಯದಕ್ಕೆ ಹೊಂದದೆ ಇರಬಹುದು. ಘರ್ಷಣೆ ಇಳಿಸಲು ಬಳಸುವ ಒಣ ಪುಡಿಗಳಲ್ಲಿ, ಗ್ರಾಫೈಟ್‌ಗೆ ಗಾಳಿಯ ತೇವ ಬೇಕೇ ಬೇಕು, ಮಾಲಿಬ್ಡಿನಂ ಡೈಸಲ್ಫೈಡ್‌ಗೆ ಅದೇ ಶತ್ರು. ಹಾಗಾಗಿ ತೇವಾಂಶ ಬರೆದಿಡದ ರೀಡಿಂಗ್ ಅನ್ನು ನಾನು ನಂಬುವುದಿಲ್ಲ.

ಮೆಕ್_ಮೇಡಂ
ವಿಷಯಕ್ಕೆ ಬೇಡಿಕೆ ಇದೆಯಪ್ಪ, ಭಯ ಬೇಡ. 1966ರಲ್ಲಿ ಬ್ರಿಟನ್‌ನ ಜೋಸ್ಟ್ ವರದಿ ಸವೆತದಿಂದ ದೇಶಕ್ಕೆ ಆಗುವ ನಷ್ಟದ ಲೆಕ್ಕ ಮುಂದಿಟ್ಟ ಮೇಲೆ ಇದು ಪ್ರತ್ಯೇಕ ವಿಷಯವಾಗಿ ಬೆಳೆಯಿತು. ಜಗತ್ತು ಬಳಸುವ ಶಕ್ತಿಯಲ್ಲಿ ಸುಮಾರು 23% ಉಜ್ಜುವ ಜಾಗಗಳಿಗೇ ಹೋಗುತ್ತದೆ ಅಂತ 2017ರಲ್ಲಿ ಹೋಮ್ಬರ್ಗ್ ಮತ್ತು ಎರ್ಡೆಮಿರ್ ಎಂಬ ಸಂಶೋಧಕರು ಅಂದಾಜು ಮಾಡಿದರು. ನಮ್ಮಲ್ಲೇ ನೋಡಿ, ಸಟ್ಲೆಜ್ ನದಿಯ ನಾಥ್ಪಾ ಝಾಕ್ರಿ ಜಲವಿದ್ಯುತ್ ಕೇಂದ್ರದಲ್ಲಿ ಹೂಳಿನ ಮರಳು ಟರ್ಬೈನ್ ಭಾಗಗಳನ್ನು ತಿಂದು ಹಾಕುತ್ತದೆ, ಅದಕ್ಕೆ ಟಂಗ್‌ಸ್ಟನ್ ಕಾರ್ಬೈಡ್ ಕೋಟಿಂಗ್ ಹಾಕುತ್ತಾರೆ.

ಸೇರುವ ಮೊದಲು ಗೈಡ್ ಹತ್ತಿರ ನೇರವಾಗಿ ಕೇಳಿ: ಬಿಸಿ ಮಾಡಿ ಟೆಸ್ಟ್ ಮಾಡುವ ಯಂತ್ರ ಸ್ವಂತದ್ದಾ? ಪ್ರೊಫಿಲೋಮೀಟರ್ (ಮೇಲ್ಮೈಯ ಒರಟುತನ ಅಳೆಯುವ ಯಂತ್ರ) ಇದೆಯಾ? ಎಸ್‌ಇಎಂಗೆ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಎಷ್ಟು ಕಾಯಬೇಕು? ಹಳೆಯ ವಿದ್ಯಾರ್ಥಿಗಳನ್ನೂ ಮಾತಾಡಿಸಿ. ದುಡ್ಡಿನ ವಿಷಯ, ಕೇಂದ್ರದ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) 2023ರಿಂದ ತಿಂಗಳಿಗೆ 37,000, ಎಸ್‌ಆರ್‌ಎಫ್ (ಸೀನಿಯರ್) ಆದ ಮೇಲೆ 42,000. ಎಲ್ಲ ಕಾಲೇಜಿನಲ್ಲೂ ಇಷ್ಟು ಸಿಗುವುದಿಲ್ಲ, ಕಾಗದದಲ್ಲಿ ನೋಡಿಕೊಂಡೇ ಹೂಂ ಅನ್ನಿ. ಮುಂದೆ ಪೋಸ್ಟ್‌ಡಾಕ್‌ಗೆ ಲೀಡ್ಸ್, ಇಂಪೀರಿಯಲ್, ಸ್ವೀಡನ್ನಿನ ಲೂಲಿಯೊ ವಿಶ್ವವಿದ್ಯಾಲಯಗಳು ಇವೆ. ಹೈದರಾಬಾದಿನ ಎಆರ್‌ಸಿಐ ಸಂಶೋಧನಾ ಕೇಂದ್ರದಲ್ಲಿ ಕೋಟಿಂಗ್ ಕೆಲಸ ಗಟ್ಟಿಯಾಗಿದೆ.

ದಾವಣಗೆರೆ_ಮೆಕ್
ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ಪ್ರಪೋಸಲ್‌ನಲ್ಲಿ ಕೋಟಿಂಗ್ ಹಾಕಿದ ಡಿಸ್ಕ್‌ನ ಬಿಸಿ ಹರಿಯುವ ರೀತಿಯನ್ನೇ ಮುಖ್ಯ ಮಾಡಬಹುದಾ?

ಮೆಕ್_ಮೇಡಂ
ಮಾಡಿ. ಆದರೆ ಸಿಮ್ಯುಲೇಷನ್‌ಗೇ ನಿಲ್ಲಿಸಬೇಡಿ. ಡಿಸ್ಕ್ ಒಳಗೆ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಕೂರಿಸಿ ಅಳತೆ ತೆಗೆಯುವ ಭಾಗ ಇರಲಿ, ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದು ಅದನ್ನೇ.