ಸಹಾಯ ಬೇಕು: ಡೈನಮೋ ಹಬ್ಬೋ, ಪವರ್ ಬ್ಯಾಂಕೋ?

ಎಲ್ಲರಿಗೂ ನಮಸ್ಕಾರ. ಯುರೋಪಿನ ಟ್ರಾನ್ಸ್‌ಕಾಂಟಿನೆಂಟಲ್ ಥರದ ಸೈಕಲ್ ರೇಸಿಗೆ ಹೋಗುವ ಆಸೆ. ಸುಮಾರು 4,000 ಕಿಲೋಮೀಟರ್, ಹೊರಗಿನವರ ನೆರವು ತಗೊಳ್ಳುವಂತಿಲ್ಲ. ಸೈಕಲ್ ಇದೆ. ಉಳಿದ ಸಾಮಾನಿಗೆ ಕೈಯಲ್ಲಿರುವುದು 40,000 ರೂಪಾಯಿ.

ತಲೆ ಕೆಡಿಸಿರುವುದು ಲೈಟಿಗೆ, ಫೋನಿಗೆ ಬೇಕಾದ ಕರೆಂಟು. ಡೈನಮೋ ಹಬ್ (ಚಕ್ರ ತಿರುಗಿದಂತೆ ಕರೆಂಟ್ ಕೊಡುವ, ಚಕ್ರದ ನಡುವಿನ ಭಾಗ) ಹಾಕಿಸಿದರೆ ಮುಂದಿನ ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕು. ಅದು ಕೊಡುವುದು ಸಾಮಾನ್ಯವಾಗಿ 3 ವ್ಯಾಟ್. ಕಲ್ಹಟ್ಟಿ ಘಾಟಿಯಂಥ ಏರಿನಲ್ಲಿ ನಿಧಾನ ತುಳಿಯುವಾಗ ಫೋನ್ ಚಾರ್ಜ್ ಆಗುವುದು ಅಷ್ಟಕ್ಕಷ್ಟೇ. ಪವರ್ ಬ್ಯಾಂಕ್ ಅಗ್ಗ, ನಿಜ. ಆದರೆ ಅದನ್ನು ಹೋಟೆಲಿನಲ್ಲಿ ಚಾರ್ಜಿಗಿಟ್ಟು ಸುಮ್ನೆ ಕಾಯುತ್ತಾ ಕೂತರೆ ಅದೆಂಥ ರೇಸು, ಅಲ್ವಾ?

ಇನ್ನು ಸ್ಯಾಡಲ್ ಬ್ಯಾಗ್, ಅಂದರೆ ಸೀಟಿನ ಹಿಂದೆ ಕಟ್ಟುವ ಚೀಲ. ನಾನು ಕುಳ್ಳ. ಸೀಟಿಗೂ ಹಿಂದಿನ ಟೈರಿಗೂ ನಡುವೆ ಜಾಗ ಕಮ್ಮಿ. ಗೆಳೆಯನ 14 ಲೀಟರ್ ಬ್ಯಾಗ್ ಕಟ್ಟಿ ನೋಡಿದೆ, ಹಂಪ್ ಬಂದಾಗಲೆಲ್ಲ ಟೈರಿಗೆ ಉಜ್ಜುತ್ತದೆ. ಚಿಕ್ಕದು ತಗೊಂಡು ಮಲಗುವ ಚೀಲವನ್ನು ಹ್ಯಾಂಡಲ್‌ಗೆ ಕಟ್ಟಿದರೆ ನಡೆಯುತ್ತಾ? ಟೆಂಟ್ ಬೇಡ ಅಂತ ತೀರ್ಮಾನಿಸಿದ್ದೇನೆ, ಬೈಯಬೇಡಿ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹಾಗಾಗಿ ರಾತ್ರಿ ಅಭ್ಯಾಸವೆಲ್ಲ ಶ್ರೀರಂಗಪಟ್ಟಣ, ಮೇಲುಕೋಟೆ ಕಡೆ. ಮೈಸೂರು, ಮಂಡ್ಯದಲ್ಲಿ ಡೈನಮೋ ಇಟ್ಟುಕೊಂಡಿರುವವರು ಒಮ್ಮೆ ಓಡಿಸಿ ನೋಡಲು ಕೊಡ್ತೀರಾ? ಚಕ್ರ ಚೆನ್ನಾಗಿ ಕಟ್ಟುವವರು ಗೊತ್ತಿದ್ದರೂ ತಿಳಿಸಿ. ಸೆಕೆಂಡ್ ಹ್ಯಾಂಡ್ ಬ್ಯಾಗ್ ಮಾರುವವರಿದ್ದರೆ ಜಿಪ್ ಹತ್ತಿರದಿಂದ ಕಾಣುವ ಹಾಗೆ ಫೋಟೋ ಹಾಕಿ.