ಕೌಂಟಿ ಬಾವುಟದ ಸಾರಂಗ: ಶ್ಲೇಷ ಲಾಂಛನವೋ, ಅನ್ವರ್ಥ ಲಾಂಛನವೋ?

ಮಾನ್ಯರೇ,

ಇಂಗ್ಲೆಂಡಿನ ಕೌಂಟಿಗಳ, ಎಂದರೆ ಅಲ್ಲಿನ ಹಳೆಯ ಪ್ರಾದೇಶಿಕ ವಿಭಾಗಗಳ, ಬಾವುಟಗಳನ್ನು ಕನ್ನಡದಲ್ಲಿ ಪರಿಚಯಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿರುವ ನನಗೆ ಒಂದು ಪಾರಿಭಾಷಿಕ ಪದ ತೊಡಕಾಗಿದೆ. ಊರಿನ ಅಥವಾ ಮನೆತನದ ಹೆಸರನ್ನೇ ಚಿತ್ರವಾಗಿ ತೋರಿಸುವ ಲಾಂಛನವನ್ನು ಇಂಗ್ಲಿಷಿನಲ್ಲಿ ‘ಕ್ಯಾಂಟಿಂಗ್ ಆರ್ಮ್ಸ್’ ಎನ್ನುತ್ತಾರೆ. ‘ಶ್ಲೇಷ ಲಾಂಛನ’ ಎಂದರೆ ಸಾಕೆಂದು ಮೊದಲು ತೋರಿತು. ಬಾವುಟಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ಆ ಪದ ಎಲ್ಲಕ್ಕೂ ಹೊಂದುವುದಿಲ್ಲ ಎನಿಸಿದೆ.

ಹರ್ಟ್‌ಫರ್ಡ್‌ಶೈರಿನ ಬಾವುಟದಲ್ಲಿ ನೀಲಿ ಮತ್ತು ಬಿಳಿಯ ಅಲೆಪಟ್ಟೆಗಳಿವೆ, ನಡುವೆ ಹೊನ್ನಿನ ಬಣ್ಣದ ಗುರಾಣಿಯಿದೆ, ಗುರಾಣಿಯಲ್ಲಿ ಮಲಗಿರುವ ಸಾರಂಗವಿದೆ. ‘ಹಾರ್ಟ್’ ಎಂದರೆ ಗಂಡು ಸಾರಂಗ, ‘ಫೋರ್ಡ್’ ಎಂದರೆ ನಡೆದು ಹೊಳೆ ಹಾಯುವ ಜಾಗ. ಅಲೆಗಳು ಆ ಹೊಳೆಯನ್ನೂ ಪ್ರಾಣಿಯು ಸಾರಂಗವನ್ನೂ ಸೂಚಿಸುತ್ತವೆ. ಊರಿನ ಹೆಸರಿಗೆ ನಿಜವಾಗಿ ಇರುವ ಅರ್ಥವೂ ಅದೇ ಆಗಿರುವುದರಿಂದ ಇಲ್ಲಿ ಎರಡನೆಯ ಅರ್ಥವೇ ಇಲ್ಲ. ಎರಡು ಅರ್ಥ ಹೊರಡದ ಕಡೆ ಶ್ಲೇಷ ಎನ್ನುವುದು ಹೇಗೆ?

ಸಸೆಕ್ಸಿನ ಸಂಗತಿ ಬೇರೆ. ನೀಲಿ ಬಟ್ಟೆಯ ಮೇಲೆ ಮೂರು, ಎರಡು, ಒಂದು ಎಂಬ ಸಾಲುಗಳಲ್ಲಿ ಆರು ಹೊನ್ನಿನ ಹಕ್ಕಿಗಳಿವೆ, ಅವಕ್ಕೆ ಪಾದಗಳಿಲ್ಲ. ಅವು ಆ ಕೌಂಟಿಯ ಹಳೆಯ ಆರು ವಿಭಾಗಗಳನ್ನು ಸೂಚಿಸುತ್ತವೆ ಎನ್ನುವುದುಂಟು. ಫ್ರೆಂಚಿನಲ್ಲಿ ಅಂಬರಗುಬ್ಬಿಗೆ ‘ಇರೊಂದೆಲ್’ ಎನ್ನುವುದರಿಂದ, ಸಸೆಕ್ಸಿನ ಅರಂಡೆಲ್ ಎಂಬ ಊರಿನ ಹೆಸರಿನೊಡನೆ ಅದರ ಉಚ್ಚಾರ ಸೇರಿ ಹಕ್ಕಿ ಲಾಂಛನವಾಯಿತೆಂಬ ವಿವರಣೆಯೂ ಪ್ರಚಲಿತವಾಗಿದೆ. ಅದನ್ನು ಒಪ್ಪಿದರೆ ಇದು ಧ್ವನಿಸಾಮ್ಯ ಮಾತ್ರ, ಊರಿನ ಹೆಸರಿನ ಮೂಲಾರ್ಥದಲ್ಲಿ ಹಕ್ಕಿಯಿಲ್ಲ. ಶ್ಲೇಷ ಎಂಬ ಮಾತು ಇಲ್ಲಿ ಸಲ್ಲುತ್ತದೆ.

ಎಸೆಕ್ಸಿನ ಕೆಂಪು ಬಾವುಟ ಇನ್ನೂ ಸೂಕ್ಷ್ಮವಾದದ್ದು. ಅದರಲ್ಲಿರುವ ಮೂರು ಕತ್ತಿಗಳ ಹೆಸರು ‘ಸೀಆಕ್ಸ್’. ಈ ಕತ್ತಿಯಿಂದಲೇ, ಹಿಂದೆ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಯಾಕ್ಸನ್ ಜನರಿಗೆ ಹೆಸರು ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಪೂರ್ವ ದಿಕ್ಕಿನ ಸ್ಯಾಕ್ಸನ್ನರಿಂದ ನಾಡಿಗೆ ಎಸೆಕ್ಸ್ ಎಂಬ ಹೆಸರಾಯಿತು. ಆಯುಧ, ಜನ, ನಾಡು ಎಂದು ಮೂರು ಹೆಜ್ಜೆ ನಡೆದ ಹೆಸರು ಬಾವುಟದಲ್ಲಿ ಮತ್ತೆ ಆಯುಧಕ್ಕೇ ಮರಳಿದೆ.

ಆದ್ದರಿಂದ ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ಎರಡನ್ನು ಇಟ್ಟುಕೊಳ್ಳಬಹುದೆಂದು ನನ್ನ ಅಭಿಪ್ರಾಯ. ಉಚ್ಚಾರದ ಹೋಲಿಕೆಯಷ್ಟೇ ಆಧಾರವಾಗಿದ್ದರೆ ‘ಶ್ಲೇಷ ಲಾಂಛನ’, ಹೆಸರಿನ ನಿಜಾರ್ಥವೇ ಚಿತ್ರವಾಗಿದ್ದರೆ ‘ಅನ್ವರ್ಥ ಲಾಂಛನ’. ಅನುಮಾನವೊಂದು ಉಳಿಯುತ್ತದೆ: ನಮ್ಮ ವ್ಯಾಕರಣಗಳು ರೂಢ, ಅಂಕಿತ, ಅನ್ವರ್ಥ ಎಂದು ವಿಂಗಡಿಸುವುದು ನಾಮಪದಗಳನ್ನು, ಅನ್ವರ್ಥನಾಮದಲ್ಲಿ ಗುಣಕ್ಕೆ ತಕ್ಕಂತೆ ಹೆಸರು ಬರುತ್ತದೆ, ಇಲ್ಲಿ ಹೆಸರಿಗೆ ತಕ್ಕಂತೆ ಚಿತ್ರ ಬಂದಿದೆ. ಹೀಗೆ ದಿಕ್ಕು ಬದಲಾದಾಗಲೂ ಅನ್ವರ್ಥ ಎಂಬ ಪದವನ್ನು ಬಳಸಬಹುದೇ?

‘ಲಾಂಛನ’ ಎಂಬ ಪದದ ಬಗೆಗೂ ಒಂದು ಮಾತು. ಶಾಸನಗಳು ಕದಂಬರನ್ನು ವರ್ಣಿಸುವಾಗ ಸಿಂಹ ಅವರ ಲಾಂಛನ, ವಾನರ ಅವರ ಧ್ವಜ ಎಂದು ಎರಡನ್ನೂ ಬೇರೆಯಾಗಿಯೇ ಹೇಳುತ್ತವೆ. ದುರ್ಯೋಧನನನ್ನು ನಮ್ಮ ಹಳೆಯ ಕವಿಗಳು ಉರಗಪತಾಕನೆಂದು, ಎಂದರೆ ಹಾವಿನ ಬಾವುಟದವನೆಂದು, ಕರೆದಿದ್ದಾರೆ. ಈ ಮಾದರಿಯಲ್ಲಿ, ಕೆಂಪು ಬಟ್ಟೆಯ ಮೇಲೆ ಹಿಂಗಾಲುಗಳಲ್ಲಿ ನಿಂತ ಬಿಳಿ ಕುದುರೆಯಿರುವ ಕೆಂಟ್ ಕೌಂಟಿಯನ್ನು ‘ಅಶ್ವಧ್ವಜ’ದ ನಾಡು ಎನ್ನಬಹುದು, ಕೇಳಲು ಸೊಗಸಾಗಿಯೂ ಇದೆ. ಬಾವುಟದ ಮೇಲಿನ ಚಿತ್ರಕ್ಕೂ ಮುದ್ರೆಯ ಚಿತ್ರಕ್ಕೂ ಲಾಂಛನ ಎಂದೇ ಬಳಸುವ ಇಂದಿನ ರೂಢಿಯಲ್ಲಿ ಈ ಭೇದ ಮರೆಯಾಗಿರುವುದು ನನಗೆ ನಷ್ಟವೆಂದೇ ತೋರುತ್ತದೆ.

‘ಕೌಂಟಿ’ಯನ್ನು ‘ಜಿಲ್ಲೆ’ ಎಂದು ಬದಲಿಸಿಲ್ಲ, ಏಕೆಂದರೆ ಜಿಲ್ಲೆಯೆಂದರೆ ಆಡಳಿತ ಘಟಕವೆಂದೇ ತೋರುತ್ತದೆ. 1965ರಲ್ಲಿ ಆಡಳಿತ ಘಟಕವಾಗಿ ಇಲ್ಲವಾದ ಮಿಡಲ್‌ಸೆಕ್ಸ್ ಕೌಂಟಿಗೂ, ಮೂರು ಕತ್ತಿಗಳ ಮೇಲೊಂದು ಕಿರೀಟವಿರುವ ಬಾವುಟ ಇಂದಿಗೂ ಇದೆ.

ಎಸೆಕ್ಸಿನ ಕತ್ತಿಗಳನ್ನು ಮೇಲಿನ ಎರಡು ಪದಗಳಲ್ಲಿ ಯಾವುದರಡಿ ಸೇರಿಸಬೇಕೆಂಬುದನ್ನು, ಇದಕ್ಕಿಂತ ಒಪ್ಪುವ ಮೂರನೆಯ ಪದವಿದ್ದರೆ ಅದನ್ನೂ, ತಿಳಿದವರು ದಯವಿಟ್ಟು ತಿಳಿಸಬೇಕು.