ಸಿನಿಮಾದಲ್ಲಿ ನೋಡಿ ಟೈಲರ್ ಹತ್ರ ಓಡಿದ್ದು ಯಾವ ಡ್ರೆಸ್‌ಗೆ? ಹಾಗೇ ನಂಗೊಂದು ಹೆಲ್ಪ್ ಬೇಕು

ಬಾಳೆಕಾಯಿ_ಬಜ್ಜಿ:
ಮುಂದಿನ ತಿಂಗಳು ನಮ್ಮಣ್ಣನ ಮದುವೆ. ಹಿಂದಿನ ದಿನ ಸಂಜೆ ಸಂಗೀತ್ ಅಂತೆ, ನಮ್ಮನೇಲಿ ಇಷ್ಟು ವರ್ಷ ಬರೀ ವರಪೂಜೆ ಆಗ್ತಿತ್ತು ಈಗ ಸಂಗೀತೂ ಬಂತು ಇರ್ಲಿ, ಥೀಮು ರೆಟ್ರೋ ಅಂತ ಹುಡುಗಿ ಕಡೆಯವ್ರು ಹೇಳಿದಾರೆ. ನಂಗೆ ಮೊದ್ಲಿಂದ ಒಂದೇ ಆಸೆ, ‘ಬ್ರಹ್ಮಚಾರಿ’ಲಿ ಮುಮ್ತಾಜ್ ಉಟ್ಟಿರೋ ಆ ಆರೆಂಜ್ ಸೀರೆ. 1968ರ ಪಿಕ್ಚರು, ನಾನು ಹುಟ್ಟೋಕೆ ಎಷ್ಟೋ ವರ್ಷ ಮುಂಚಿಂದು, ಆದ್ರೂ ಟಿವೀಲಿ ಶಮ್ಮಿ ಕಪೂರ್ ಜೊತೆ ಆ ಡ್ಯಾನ್ಸ್ ಬಂತು ಅಂದ್ರೆ ರಿಮೋಟ್ ಯಾರಿಗೂ ಕೊಡಲ್ಲ. ಸೀರೆ ಮೈಗೆ ಸುತ್ತಿ ಸುತ್ತಿ ಅಂಚು ಸಾಲು ಸಾಲಾಗಿ ಕಾಣತ್ತಲ್ಲ, ಅದು.

ಭಯ ಏನಂದ್ರೆ, ಹೋದ್ವರ್ಷ ಮ್ಯಾಗಜೀನ್ ಫೋಟೋ ತೋರ್ಸಿ ಒಂದು ಬ್ಲೌಸ್ ಹೊಲಿಸಿದ್ದೆ. ಯಾವ ಟೈಲರ್ ಅಂತ ಬೇಡ ಬಿಡಿ. ಸುಮ್ನೆ ನಿಂತ್ಕೊಂಡ್ರೆ ಥೇಟ್ ಫೋಟೋದಲ್ಲಿದ್ದ ಹಾಗೇ ಇದೆ, ಆರತಿ ಮಾಡಕ್ಕೆ ಅಂತ ಕೈ ಎತ್ತಿದೆ ನೋಡಿ, ಇಡೀ ಬ್ಲೌಸೇ ಕೈ ಜೊತೆ ಮೇಲೆ ಬಂತು. ಇಡೀ ಫಂಕ್ಷನ್ನು ಕೈ ಕಟ್ಕೊಂಡೇ ಓಡಾಡಿದೀನಿ. ಅಮ್ಮ ಬೇರೆ ‘ಆ ಮುಮ್ತಾಜ್ ಎಲ್ಲಾ ಬೇಡ ಕಣೇ, ಕಲ್ಪನಾ ತರ ದೊಡ್ಡ ತುರುಬು ಹಾಕ್ಕೊಂಡು ಉದ್ದ ತೋಳಿನ ಬ್ಲೌಸ್ ಹಾಕ್ಕೋ’ ಅಂತಿದಾಳೆ, 1972ರಲ್ಲಿ ‘ಶರಪಂಜರ’ ನೋಡ್ಕೊಂಡು ಬಂದ್ಮೇಲೆ ಅವಳ ಚಿಕ್ಕಮ್ಮಂದಿರೆಲ್ಲ ಹಾಗೇ ಹಾಕ್ಕೊತಿದ್ರಂತೆ. ನಿಮ್ದೆಲ್ಲ ಯಾವ್ದು ಫೇವರೇಟು? ಹೊಲಿಸಿ ಕೈ ಸುಟ್ಕೊಂಡಿದ್ದೂ ಹೇಳಿ, ನಂಗೆ ಸಮಾಧಾನ ಆಗ್ಲಿ.

ಕತ್ತರಿ_ದಾರ:
ನಮ್ಮಪ್ಪ ದಾವಣಗೆರೇಲಿ ಲೇಡೀಸ್ ಟೈಲರ್, ನಾನು ಹುಟ್ಟಿದ್ದೇ ಹೊಲಿಗೆ ಮಷೀನ್ ಕೆಳಗೆ ಅನ್ಕೊಳ್ಳಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ನಿಮ್ಮ ಬ್ಲೌಸ್ ಮೇಲೆ ಬಂದಿದ್ದು ಯಾಕೆ ಅಂದ್ರೆ ಕಂಕುಳ ಹತ್ರ ಜಾಸ್ತಿ ಇಳಿಸಿ ಕಟ್ ಮಾಡಿರ್ತಾರೆ. ಲೂಸಾಗಿದ್ರೆ ಕೈ ಆರಾಮಾಗಿ ಆಡತ್ತೆ ಅಂತ ಎಲ್ರೂ ಅನ್ಕೊತಾರೆ, ಉಲ್ಟಾ. ಆರ್ಮ್‌ಹೋಲ್, ಅಂದ್ರೆ ತೋಳು ಕೂಡೋ ಜಾಗ, ಎಷ್ಟು ಕೆಳಗೆ ಹೋಗತ್ತೋ ಅಷ್ಟೂ ತೋಳು ಎತ್ತಿದಾಗ ಪಕ್ಕದ ಬಟ್ಟೆನ ಎಳ್ಕೊಂಡು ಹೋಗತ್ತೆ. ಕಂಕುಳಿಗೆ ಹತ್ರಾನೇ ಇರ್ಬೇಕು. ಫೋಟೋದಲ್ಲಿ ಇದ್ಯಾವ್ದೂ ಕಾಣಲ್ಲ, ಮಾಡೆಲ್ ಕೈ ಸೊಂಟದ ಮೇಲೇ ಇರತ್ತೆ. ಟ್ರಯಲ್‌ಗೆ ಹೋದಾಗ ಕನ್ನಡಿ ಮುಂದೆ ನಿಲ್ಬೇಡಿ, ಅಟ್ಟದ ಮೇಲಿಂದ ಡಬ್ಬಿ ತೆಗೆಯೋ ತರ ಕೈ ಎತ್ತಿ, ಕೂತ್ಕೊಳ್ಳಿ, ಬಗ್ಗಿ. ಅಂಗಡಿಯವ್ರು ನಗ್ತಾರೆ, ನಗ್ಲಿ.

ಇನ್ನು ಮುಮ್ತಾಜ್ ಸೀರೆ. ಅದು ಉಟ್ಟಿದ್ದಲ್ಲ, ಮೊದ್ಲೇ ಹೊಲಿದಿಟ್ಟಿದ್ದು! ಮಾಡಿದ್ದು ಭಾನು ಅಥೈಯಾ, ಕೊಲ್ಹಾಪುರದವ್ರು, ‘ಗಾಂಧಿ’ ಸಿನಿಮಾ ಬಟ್ಟೆಗೆ 1983ರಲ್ಲಿ ಆಸ್ಕರ್ ತಗೊಂಡ್ರಲ್ಲ ಅವ್ರೇ, ಭಾರತಕ್ಕೆ ಮೊದಲ ಆಸ್ಕರ್ ಅದು. ಸಾದಾ ಸೀರೆ ತಗೊಂಡು ಆ ತರ ಸುತ್ತಿ ಪಿನ್ ಹೊಡ್ಕೊಂಡು ಕುಣಿದ್ರೆ ಒಂದು ಹಾಡು ಮುಗಿಯೋದ್ರೊಳಗೆ ಕಾಲಿಗೆ ಬರತ್ತೆ. ಜಾರ್ಜೆಟ್ ತಗೊಳ್ಳಿ, ದಪ್ಪ ರೇಷ್ಮೆ ಮುಟ್ಬೇಡಿ, ಉಬ್ಬಿ ನಿಲ್ಲತ್ತೆ, ಸುತ್ತು ಸುತ್ತಿಗೂ ಸೊಂಟ ದಪ್ಪ ಕಾಣತ್ತೆ. ಮೊದ್ಲು ಅಗ್ಗದ ಲೈನಿಂಗ್ ಬಟ್ಟೇಲಿ ಒಂದ್ಸಲ ಕಚ್ಚಾ ಹೊಲಿಗೆ ಹಾಕಿ ನೋಡಕ್ಕೆ ಹೇಳಿ. ಆಗಲ್ಲ ಅಂದ್ರೆ ಬೇರೆ ಟೈಲರ್ ನೋಡಿ.

ಗಿರಮಿಟ್_ಚಾ:
ಬರೇ ಮುಮ್ತಾಜ್ ಮುಮ್ತಾಜ್ ಅಂತೀರಲ್ರೀ, ನಮ್ಮ ಕಡೆ ಸೀರಿ ಕಣ್ಣಿಗೆ ಬೀಳೂದಿಲ್ಲೇನ್ರೀ? ಈಗ ದೊಡ್ಡ ದೊಡ್ಡ ಮ್ಯಾಗಜೀನ್ ಶೂಟಿನ್ಯಾಗ ಇಳಕಲ್ ಸೀರಿ ಉಡಿಸಿ ಮ್ಯಾಲೆ ಬೆಲ್ಟ್ ಹಾಕಿ ನಿಂದ್ರಸ್ತಾರ, ಗುಳೇದಗುಡ್ಡ ಖಣ, ಅದ ಕುಬಸದ ಅರಿವಿ, ಹರದು ಜಾಕೀಟ್ ಮಾಡ್ತಾರ. ನಮ್ಮವ್ವ ಅದನ್ನ ನೋಡಿ ‘ಇದನ್ನ ಉಟ್ಕೊಂಡ ನಾ ಹೊಲಕ್ಕ ಹೋಗ್ತಿದ್ನೆಲ್ಲೋ, ಅವಾಗ ಯಾರೂ ಫೋಟೋ ತಗೀಲಿಲ್ಲ’ ಅಂದ್ಲು. ಆ ಕೆಂಪ ಸೆರಗ, ಅದರಾಗಿನ ಬಿಳಿ ತೆನಿ, ಅದೇ ಲುಕ್ಕ ನನಗ. ಸೆರಗಿನ ಎಳಿ ಬ್ಯಾರೆ, ಮೈ ಎಳಿ ಬ್ಯಾರೆ, ಮಗ್ಗದಾಗ ಒಂದಕ್ಕೊಂದು ಕೊಂಡಿ ಹಾಕಿ ಕೂಡಸ್ತಾರ, ಸೆರಗ ತಿರುವಿ ಜೋಡ ಎಲ್ಲಿ ಐತಿ ನೋಡ್ರಿ ಗೊತ್ತಾಗ್ತೈತಿ. ಬೆಲ್ಟ್ ಮಾತ್ರ ಬ್ಯಾಡ್ರೀ ಯಪ್ಪಾ, ಸೀರಿಗೆ ಸೀಟ್ ಬೆಲ್ಟ್ ಹಾಕಿದಂಗ ಕಾಣಸ್ತೈತಿ.

ನೀರ್_ದೋಸೆ:
ಸೀಟ್ ಬೆಲ್ಟ್ 😂😂

ನನ್ನದು ಐಶ್ವರ್ಯಾ, ನಮ್ಮ ಮಂಗಳೂರಲ್ಲಿ ಹುಟ್ಟಿದವಳು ಅಂತ ಹೇಳುವುದಲ್ಲ, ನಿಜವಾಗಿ. 2002ರಲ್ಲಿ ‘ದೇವದಾಸ್’ಗೆ ಕಾನ್ ಫಿಲಂ ಫೆಸ್ಟಿವಲ್‌ಗೆ ಹೋದಾಗ ಡಿಸೈನರ್ ನೀತಾ ಲುಲ್ಲಾ ಅವರ ಹಳದಿ ಸೀರೆ ಉಟ್ಟದ್ದು, ಮೈ ತುಂಬಾ ಚಿನ್ನ. ಪೇಪರಲ್ಲಿ ಬಂದ ಆ ಫೋಟೋ ಕತ್ತರಿಸಿ ಸಮಾಜ ಪುಸ್ತಕದ ಬೈಂಡಿನ ಒಳಗೆ ಅಂಟಿಸಿದ್ದೆ, ಟೀಚರಿಗೆ ಸಿಕ್ಕಿ ಬಿದ್ದು ಬೈಸಿಕೊಂಡದ್ದೂ ಉಂಟು. ಈಗ ನೋಡಿದ್ರೆ ಚಿನ್ನ ಸ್ವಲ್ಪ ಜಾಸ್ತಿಯೇ ಆಯ್ತು ಮಾರಾಯ್ರೆ, ನಮ್ಮಲ್ಲಿ ಮದುಮಗಳು ಕೂಡ ಅಷ್ಟು ಹಾಕುವುದಿಲ್ಲ. ಆದ್ರೆ ಉಳಿದವರೆಲ್ಲ ಗೌನ್ ಹಾಕಿಕೊಂಡು ಬರುವ ಜಾಗಕ್ಕೆ ಸೀರೆಯಲ್ಲಿ ಹೋದಳಲ್ಲ, ಅದು ನನಗೆ ಈಗಲೂ ಇಷ್ಟ. ಆಮೇಲಿನ ವರ್ಷಗಳ ಗೌನುಗಳಲ್ಲಿ ಒಂದೂ ನನಗೆ ನೆನಪಿಲ್ಲ ನೋಡಿ.

ಫಿಲ್ಟರ್_ಕಾಫಿ_ಸನ್ನಿವೇಲ್:
ರನ್‌ವೇ ಬಗ್ಗೆ ಯಾರೂ ಮಾತಾಡ್ಲಿಲ್ಲ ಅದಕ್ಕೆ ನಾನು. 2000ದ ಗ್ರ್ಯಾಮಿ ಮ್ಯೂಸಿಕ್ ಅವಾರ್ಡ್ಸ್‌ಗೆ ಸಿಂಗರ್ ಜೆನಿಫರ್ ಲೋಪೆಜ್ ಹಾಕ್ಕೊಂಡ್ ಬಂದ ವರ್ಸಾಚೆ ಬ್ರ್ಯಾಂಡಿನ ಹಸಿರು ಡ್ರೆಸ್, ಎಲೆ ಪ್ರಿಂಟು, ಕುತ್ತಿಗೆಯಿಂದ ಹೊಕ್ಕಳ ಕೆಳಗಿನವರೆಗೂ ತೆರೆದಿದ್ದು. ಜನ ಅದನ್ನ ಎಷ್ಟು ಹುಡುಕಿದ್ರು ಅಂದ್ರೆ ಗೂಗಲ್ ಇಮೇಜಸ್ ಹುಟ್ಟಿದ್ದೇ ಅದರಿಂದ ಅಂತ ಆ ಕಂಪನಿ ನಡೆಸ್ತಿದ್ದ ಎರಿಕ್ ಶ್ಮಿಟ್ 2015ರಲ್ಲಿ ಬರೆದ್ರು, ಯಾಕಂದ್ರೆ ಅವಾಗ ಹುಡುಕಿದ್ರೆ ಬರೀ ಲಿಂಕ್ ಬರ್ತಿತ್ತು, ಜನಕ್ಕೆ ಬೇಕಿದ್ದು ಡ್ರೆಸ್ಸು. 2019ರಲ್ಲಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಅದೇ ಡ್ರೆಸ್ಸನ್ನ ಸ್ವಲ್ಪ ಬದಲಾಯಿಸಿ ಹಾಕ್ಕೊಂಡು ಅವಳೇ ಮತ್ತೆ ನಡೆದ್ಲು, 50 ವಯಸ್ಸಲ್ಲಿ!

ಬಾಳೆಕಾಯಿ ಅವ್ರೇ, ನಿಮಗೆ ಉಪಯೋಗಕ್ಕೆ ಬರೋದು ಒಂದೇ, ಆ ಡ್ರೆಸ್ ಜಾರದೆ ನಿಂತಿದ್ದು ಎರಡೂ ಕಡೆ ಅಂಟೋ ಟೇಪ್ ಮೇಲೆ. ಆನ್‌ಲೈನಲ್ಲಿ ಸಿಗತ್ತೆ, ಬ್ಲೌಸ್ ಕುತ್ತಿಗೆಗೆ ಹಾಕಿ. ಬೆವರಿದ್ರೆ ಬಿಟ್ಕೊಳತ್ತೆ ಅದಕ್ಕೆ ಎಕ್ಸ್‌ಟ್ರಾ ಇಟ್ಕೊಳ್ಳಿ.

ಮಂಡ್ಯ_ಬೆಲ್ಲ:
ಗಂಡಸ್ರೂ ಬರೀಬೋದಾ? ‘ಕೆಜಿಎಫ್’ ಬಂದಾಗ 2018ರಲ್ಲಿ ಯಶ್ ತರ ಗಡ್ಡ ಬಿಟ್ಟೆ. ನಂದು ಕೆನ್ನೆ ಮೇಲೆ ಅಲ್ಲೊಂದು ಇಲ್ಲೊಂದು ಬರೋದು ಕಣಣ್ಣ, ಮೂರು ತಿಂಗ್ಳು ಕಾದೆ. ಊರಿಗ್ ಹೋದ್ರೆ ನಮ್ಮವ್ವ ‘ಮೈಗ್ ಉಸಾರಿಲ್ವೇನ್ಲಾ’ ಅಂತ ಆಸ್ಪತ್ರೆಗೆ ಕರ್ಕೊಂಡ್ ಹೊಂಟ್ಳು. ಅಷ್ಟೇ ನನ್ ಫ್ಯಾಷನ್ನು.

ಬಾಳೆಕಾಯಿ_ಬಜ್ಜಿ:
@ಮಂಡ್ಯ_ಬೆಲ್ಲ ಅಯ್ಯೋ 😂 ಆಫೀಸಲ್ಲಿ ನಕ್ಕು ಸಿಕ್ಕಾಕ್ಕೊಂಡೆ.

@ಕತ್ತರಿ_ದಾರ ನಿನ್ನೆ ಚಿಕ್ಕಪೇಟೆಗೆ ಹೋಗಿ ಆರೆಂಜ್ ಜಾರ್ಜೆಟ್ ತಂದೆ. ಹೊಸ ಟೈಲರ್ ಆಂಟಿ, ಅವ್ರ ಅಂಗಡೀಲೇ ಅಟ್ಟದ ಡಬ್ಬಿ ಆಕ್ಷನ್ ಮಾಡ್ದೆ, ನಗ್ಲಿಲ್ಲ, ‘ಕರೆಕ್ಟ್ ನೋಡಮ್ಮ ಹಂಗೇ ಚೆಕ್ ಮಾಡ್ಬೇಕು’ ಅಂದ್ರು! ಲೈನಿಂಗ್ ಟ್ರಯಲ್ ಗುರುವಾರ. ಅಮ್ಮಂಗೆ ತುರುಬು ಒಪ್ಕೊಂಡಿದೀನಿ, ಉದ್ದ ತೋಳು ಇಲ್ಲ. ಒಂದೇ ಡೌಟು, ಒಳಗಿನ ಲಂಗ ಅದೇ ಕಲರ್ ಸಿಗ್ತಿಲ್ಲ, ಬಿಳೀದು ತಂದು ಡೈ ಮಾಡ್ಸಿದ್ರೆ ಬೆವರಿಗೆ ಬಣ್ಣ ಬಿಡತ್ತಾ?